ಜರಡಿ ಹಿಡಿದ ಹಿಟ್ಟು

ಹೆರಕಲ್ಲಿನ ಮೂಡಲಕ, ಹಿನ್ನೀರು ಇಳಿದಾಗ
ಬೆನ್ನು ತೋರಸ್ತೈತಿ ಒಂದು ನಡುಗಡ್ಡಿ.
ಮುಳುಗೂ ಮೊದಲ ಅದು ಹುಣಸಿಕಟ್ಟಿಯ ದಿಬ್ಬ,
ಈಗ ಹೊಳಿಹಕ್ಕಿಯ ಬಾಣಂತಿ ಖೋಲಿ.
ರೀವ ಅಂತ ಬರಕೋತಾರ ಸುನೇತ್ರಾ ಮೇಡಮ್ಮು.
ಗೂಡಿಲ್ಲ, ಕಡ್ಡಿಯಿಲ್ಲ, ಉಸುಕಿನಾಗ ಒಂದು ತೆಗ್ಗು,
ಅದರಾಗ ಕಲ್ಲಿನಂಥ ತತ್ತಿ. ತುಳಿದ ಮ್ಯಾಲ ಗೊತ್ತಾಗೂದು.

ಶಿವರಾತ್ರಿಗೆ ಎಣಿಸಿದಾಗ ನೂರಾ ಹದಿನಾಲ್ಕು.
ಹೋಳಿಹುಣ್ಣಿವಿಗೆ ಎಪ್ಪತ್ತೊಂದು.
ನಡುವ ಏನೋ ಬಂದೈತಿ, ತಿಂದೈತಿ, ಹೋಗೈತಿ.
ಇಲ್ಲಾ, ಹೋಗಿಲ್ಲ.
"ಇದು ಹೊರಗಿಂದು, ಈ ದಂಡೀದಲ್ಲ" ಅಂದ್ರು ಮೇಡಮ್ಮು.

ಹಾವಂದ್ರ ಸಿಪ್ಪಿ ಉಳಸೂದಿಲ್ಲ. ಕಾಗಿ ಅಂದ್ರ ಹಗಲ ಬರತೈತಿ.
ನರಿ ಈಜತೈತೇನು ಅಂತ ಕೇಳಿದ್ರ
ದೋಣಿಯ ಲಾಲಸಾಬ ಬೀಡಿ ಆರಿಸಿ,
"ಹಸದ್ರ ನಾನೂ ಈಜತೀನಿ" ಅಂದ.

ಕಟ್ಟಿದ ಕ್ಯಾಮೆರಾ ಆರು.
ಹದಿನೈದು ರಾತ್ರಿಗೆ ಮೂರು ಸಾವಿರ ಫೋಟೊ:
ಆಪಿನ ಗರಿ, ಜಾಲಿಯ ನೆರಳು, ಚಂದ್ರಾಮ,
ಬಗ್ಗಿ ಮುಳ್ಳು ತಗೀತಿರೋ ನನ್ನ ಬೆನ್ನು.
ಒಂದರಾಗ, ಮೂಲ್ಯಾಗ, ಬಾಲದಂಥದ್ದು.
ಹುಲ್ಲೂ ಇರಬೌದು.

ಅದಕ್ಕ ನಾನು ಹಿಟ್ಟು ಹೇಳಿದೆ.
ಬಿಳಿಜ್ವಾಳದ ಹಿಟ್ಟು, ಸಣ್ಣ ಜರಡಿ ಹಿಡಿದು
ಸಂಜಿಗೆ ಹಾದಿಗುಂಟ ಚೆಲ್ಲೂದು, ಮುಂಜಾನೆ ಬಗ್ಗಿ ನೋಡೂದು.
ಅಪ್ಪ ಸತ್ತ ಮೂರನೇ ದಿನ ಹಿಂಗ ನೋಡಿದ್ವಿ,
ದೀಪದ ಮಗ್ಗಲಕ ಬುಟ್ಟಿ ಬೋರಲ ಹಾಕಿ,
ಯಾವ ಜೀವ ಆಗಿ ಬಂದಾನ ಅಂತ.
ಏನೂ ಮೂಡಿರಲಿಲ್ಲ. ಅವ್ವ ಮಾತ್ರ
"ಇರಿವಿ, ಇರಿವಿ" ಅಂತ ಸಮಾಧಾನ ಮಾಡಿಕೊಂಡ್ಲು.

ಇಲ್ಲಿಯೂ ಎರಡು ದಿನ ಇರಿವಿ.
ಮೂರನೇ ದಿನ ಗಾಳಿ.
ನಾಕನೇ ಮುಂಜಾನೆ ಹಿಟ್ಟು ಚೆಲ್ಲಿದಂಗ ಇತ್ತು, ಆದ್ರ
ಅದರಾಚೆ ಕಲ್ಲಿನ ಮರಿಗೆ
ಬೊಗಸಿಯಷ್ಟು ಉಸುಕು ಉಬ್ಬಿತ್ತು.
ಕಡ್ಡಿಲೆ ಕೆದರಿದೆ. ಹೇಲು.
ಅದರಾಗ ಗರಿ, ತತ್ತಿಸಿಪ್ಪಿಯ ಚೂರು.

ಮೇಡಮ್ಮು ಚೀಲದಾಗ ತುಂಬಿ ತಾರೀಖು ಬರಿಯೂದ್ರಾಗ
ನನ್ನ ಕೈ ತಣ್ಣಗಾಗಿತ್ತು.
ನರಿ ಮುಚ್ಚೂದಿಲ್ಲ. ಮುಂಗಸಿ ಮುಚ್ಚೂದಿಲ್ಲ.
ಹೇತದ್ದಕ್ಕ ಮಣ್ಣೆಳೆಯೋ ನಾಚಿಗಿ
ಒಲಿ ಮುಂದ ಮಲಗಿ ಎದ್ದದ್ದಕ್ಕ.

ಹೋದ ವರ್ಷದ ಹಿಂದಿನ ವರ್ಷ
ನೆಲುವಿಗೆ ಹಾರಿ ಬೆಣ್ಣಿ ತಿಂದ ಚಂಪೀನ
ಗೋಣಿಚೀಲದಾಗ ಹಾಕಿ, ಬಾಯಿ ಕಟ್ಟಿ,
ಲಾಲಸಾಬನ ದೋಣಿ ಹತ್ತಿದವ ನಾನು.
ಕೊಂದ್ರ ಬಂಗಾರದ ಬೆಕ್ಕು ಮಾಡಿ ಕಾಶಿಗೆ ಕೊಡಬೇಕು,
ಹೊಳಿ ದಾಟಿಸಿದ್ರ ಯಾ ಪಾಪಾನೂ ಇಲ್ಲ, ಅಂದಿದ್ಲು ಅವ್ವ.
ಹೊಟ್ಟ್ಯಾಗ ಮರಿ ಇದ್ವೇನೋ, ಚೀಲ ತೂಕ ಇತ್ತು.
ದಾನಮ್ಮ ಅತ್ತಕೋತ ಕೇಳಿದ್ಲು.
"ತಾನ ಹೋತು" ಅಂದೆ ಮಗಳಿಗೆ.

ಲಾಲಸಾಬ ಹುಟ್ಟು ಹಾಕಕೋತ ನನ್ನ ಕಡೆ ನೋಡಲಿಲ್ಲ.
ನೋಡದ ಇದ್ದದ್ದ ನೋಡಿದಂಗಿತ್ತು.

ಮರುದಿನ ರಾತ್ರಿ, ಮೇಡಮ್ಮು ಟೆಂಟಿನಾಗ ಮಲಗಿದ ಮ್ಯಾಲ,
ಮನಿಯಿಂದ ತಂದಿದ್ದ ಹಿತ್ತಾಳಿ ವಾಟಿಗೆ
ಚಮಚಲೆ ಬಡದೆ. ಮೂರು ಸಲ. ಬಿಟ್ಟು, ಮತ್ತ ಮೂರು.
ಹಾಲು ಹಾಕೋ ಮುಂದ ದಾನಮ್ಮ ಬಡಿತಿದ್ದಂಗ.

ಕಣ್ಣು ಕಾಣಲಿಲ್ಲ, ಹೆಜ್ಜಿ ಕೇಳಲಿಲ್ಲ.
ದೂರದ ತುದಿಗೆ ಒಂದು ಹಕ್ಕಿ ಎದ್ದು ಚೀರಿತು.
ಅದರ ಈಚಿನದು. ಅದರ ಈಚಿನದು.
ಕತ್ತಲಿಯೊಳಗ ಯಾರೋ ಚಾದರದ ಚುಂಗು ಹಿಡಿದು
ಕೊಡವಿಕೋತ ಬಂದಂಗ
ರೆಕ್ಕಿಯ ಸಾಲು ಏಳಕೋತ, ಏಳಕೋತ
ನನ್ನ ಕಡೆಗೇ ಬಂತು.

ವಾಟಿಯಾಗ ಹಾಲಿರಲಿಲ್ಲ.